ನೀಲಗಾರರ ಮೇಳ

ನೀಲಗಾರರ ಮೇಳವು ಮಂಟೇಸ್ವಾಮಿ, ರಾಚಪ್ಪಾಜಿ ಹಾಗೂ ಸಿದ್ಧಪ್ಪಾಜಿಯವರ ಕಥೆಗಳನ್ನು ತಂಬೂರಿಯ ಶ್ರುತಿಗೆ ಹಾಡುವ ಜನಪದ ಗಾಯಕರ ತಂಡ. ಮಂಡ್ಯ, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಈ ಪರಂಪರೆ ಮುಖ್ಯವಾಗಿ ಕಂಡುಬರುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಲವು ಊರುಗಳು ಇವರು ಹಾಡುವ ಕಾವ್ಯದಲ್ಲಿಯೇ ಬರುತ್ತವೆ.

ದೀಕ್ಷೆ

ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವವರು ದೇವರಗುಡ್ಡರು. ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಹಿಡಿದು ಹಾಡುವವರು ನೀಲಗಾರರು. ಸಿದ್ಧಪ್ಪಾಜಿಗೆ 'ಘನನೀಲಿ' ಎಂಬ ವಿಶೇಷಣವಿದೆ. ನೀಲಗಾರನಾಗುವವನು ಗುರುವಿನಿಂದ ದೀಕ್ಷೆ ಪಡೆಯಬೇಕು. ಈ ಒಕ್ಕಲಿನಲ್ಲಿ ದಲಿತರು ಹೆಚ್ಚಿನ ಸಂಖ್ಯೆಯಲ್ಲಿದ್ದು, ಇತರ ಸಮುದಾಯಗಳವರೂ ಸೇರಿದ್ದಾರೆ. 'ಕಪ್ಪು ಧೂಳ್ತ' ಎಂಬ ಭಸ್ಮ ಈ ಪಂಥದ ಗುರುತು. ಜೋಳಿಗೆ ಹಿಡಿದು ಭಿಕ್ಷೆ ಬೇಡುವುದು ದೀಕ್ಷೆಯ ಭಾಗವೇ ಹೊರತು ಹೀನಾಯವೆಂದು ಭಾವಿಸುವುದಿಲ್ಲ.

ವಾದ್ಯಗಳು ಮತ್ತು ಹಾಡುಗಾರಿಕೆ

ತಂಬೂರಿ, ಗಗ್ಗರ, ತಾಳ ಮತ್ತು ದಮ್ಮಡಿ ಮೇಳದ ಸಾಂಪ್ರದಾಯಿಕ ವಾದ್ಯಗಳು. ಮುಖ್ಯ ಗಾಯಕನು ತಂಬೂರಿ ಮೀಟುತ್ತ ಕಥೆಯನ್ನು ಮುನ್ನಡೆಸುತ್ತಾನೆ. ಜೊತೆಗಾರನು ಲಯವನ್ನು ಹಿಡಿದು, ಸಾಲಿನ ಕೊನೆಯನ್ನು ಎತ್ತಿಕೊಂಡು ಹಾಡುತ್ತಾನೆ. ಮಾತಿನ ಭಾಗ ಬಂದಾಗ ಹೂಂಗುಡುತ್ತಾನೆ. ಮೇಳದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಜನರಿದ್ದರೂ, ಮುನ್ನಡೆಸುವ ದನಿಯೊಂದು ಮತ್ತು ಓಗೊಡುವ ದನಿಯೊಂದು ಇದ್ದರೆ ಹಾಡುಗಾರಿಕೆಯ ಮೂಲ ಸ್ವರೂಪ ಪೂರ್ಣವಾಗುತ್ತದೆ. ಹಿಮ್ಮೇಳದ ಪುನರಾವರ್ತನೆಯಿಂದ ಗಾಯಕನಿಗೆ ಉಸಿರು ತೆಗೆದುಕೊಳ್ಳಲು ಹಾಗೂ ಮುಂದಿನ ಸಾಲನ್ನು ಕಟ್ಟಿಕೊಳ್ಳಲು ಬಿಡುವು ದೊರೆಯುತ್ತದೆ. ಇಡೀ ರಾತ್ರಿ ಬರಹದ ನೆರವಿಲ್ಲದೆ ಹಾಡಲು ಸಾಧ್ಯವಾಗುವುದು ಈ ವ್ಯವಸ್ಥೆಯಿಂದಲೇ. ಹೊಸಬರು ಮೊದಲು ಹಿಮ್ಮೇಳದಲ್ಲಿ ನಿಂತು ಕಥೆಯನ್ನು ಕೇಳಿ ಕಲಿಯುತ್ತಾರೆ.

ಕಥಾಭಾಗಗಳು

ಕಾವ್ಯದ ಭಾಗಗಳನ್ನು 'ಸಾಲು' ಎಂದು ಕರೆಯುವುದು ವಾಡಿಕೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿಯು ಕುಷ್ಠರೋಗಿಯ ವೇಷದಲ್ಲಿ ಬಂದು ಬಸವಣ್ಣನ ಕಲ್ಯಾಣದ ಶರಣರನ್ನು ಪರೀಕ್ಷಿಸುತ್ತಾನೆ. ಬಳಿಕ ದಕ್ಷಿಣಕ್ಕೆ ಬಂದು ರಾಚಪ್ಪಾಜಿ, ದೊಡ್ಡಮ್ಮತಾಯಿ ಮೊದಲಾದವರನ್ನು ಶಿಷ್ಯರನ್ನಾಗಿ ಪಡೆಯುತ್ತಾನೆ. ಇಂದಿನ ಮದ್ದೂರು ತಾಲ್ಲೂಕಿನ ನಿಡಘಟ್ಟದ ಅಕ್ಕಸಾಲಿ-ಕಮ್ಮಾರ ಕುಲದ ಕೆಂಪಾಚಾರಿಯು ಅವನ ಶಿಷ್ಯನಾಗಿ ಸಿದ್ಧಪ್ಪಾಜಿಯಾಗುತ್ತಾನೆ. ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವಂತೆ ಗುರುವು ಆತನನ್ನು ಕಳುಹಿಸುತ್ತಾನೆ. ಕಬ್ಬಿಣವಿಲ್ಲವೆಂದು ಸುಳ್ಳು ಹೇಳುವ ಪಾಂಚಾಳರು ಸಿದ್ಧಪ್ಪಾಜಿಯನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಆತ ಪವಾಡಗಳಿಂದ ಗೆಲ್ಲುತ್ತಾನೆ. ಕುಲಬಾಂಧವರ ಎದುರೇ ಭಿಕ್ಷೆಗೆ ನಿಲ್ಲಬೇಕಾದ ಶಿಷ್ಯನ ಸಂಕಟವೇ ಈ ಭಾಗದ ಜೀವಾಳ.

ಕ್ಷೇತ್ರಗಳು

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದಿಗೆಯಿದೆ. ಕಾವೇರಿ ತೀರದ ಕಪ್ಪಡಿಯು ರಾಚಪ್ಪಾಜಿಯ ಕ್ಷೇತ್ರವಾಗಿದ್ದು, ಅಲ್ಲಿ ಶಿವರಾತ್ರಿಯ ಸಮಯದಲ್ಲಿ ಜಾತ್ರೆ ನಡೆಯುತ್ತದೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಸಿದ್ಧಪ್ಪಾಜಿಯ ಕ್ಷೇತ್ರ. ಅಲ್ಲಿನ ಐದು ದಿನಗಳ ಜಾತ್ರೆ ಪುಷ್ಯ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಉರಿಸುವುದರೊಂದಿಗೆ ಆರಂಭವಾಗುತ್ತದೆ.

ಸಂಗ್ರಹ ಮತ್ತು ಇಂದಿನ ಸ್ಥಿತಿ

ಜೀ. ಶಂ. ಪರಮಶಿವಯ್ಯ ಅವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಗಳನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖರು. ಹಿ. ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಎಚ್. ಎಸ್. ಶಿವಪ್ರಕಾಶ್ ಅವರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕಕ್ಕೂ ಈ ಪರಂಪರೆಯೇ ಆಕರ. ಮಳವಳ್ಳಿ ಮಹದೇವಸ್ವಾಮಿ ಅವರ ಧ್ವನಿಸುರುಳಿಗಳು ಈ ಕಥೆಗಳನ್ನು ಮನೆಮನೆಗೆ ತಲುಪಿಸಿದವು.

ಧ್ವನಿಮುದ್ರಣ ಮತ್ತು ವೇದಿಕೆಗಳ ಪ್ರಭಾವದಿಂದ ಹಾರ್ಮೋನಿಯಂ, ತಬಲಾಗಳು ಮೇಳವನ್ನು ಸೇರಿವೆ. ರಾತ್ರಿಯಿಡೀ ನಡೆಯುವ ಕಥೆಯನ್ನು ಅಲ್ಪಾವಧಿಗೆ ಮೊಟಕುಗೊಳಿಸುವುದೂ ಇದೆ. ಮುದ್ರಿತ ಪಠ್ಯವು ಕಥೆಯನ್ನು ಉಳಿಸುತ್ತದೆಯಾದರೂ, ಹಿಮ್ಮೇಳದಲ್ಲಿ ನಿಂತು ಕಲಿಯುವ ಕ್ರಮಕ್ಕೆ ಅದು ಪರ್ಯಾಯವಲ್ಲ. ಆದ್ದರಿಂದ ಮುಖ್ಯ ಗಾಯಕನಷ್ಟೇ ಅವನಿಗೆ ಓಗೊಡುವ ಜೊತೆಗಾರನೂ ಈ ಪರಂಪರೆಯ ಮುಂದುವರಿಕೆಗೆ ಅವಶ್ಯಕ.