ನಾಲ್ಕು ಕನ್ನಡಿಗಳ ಫ್ಯೂಸ್

ದೂರದ ಅತಿನೇರಳೆ ಬೆಳಕು ಭೂಮಿಯ ಗಾಳಿಯನ್ನು ದಾಟಿ ಬರುವುದಿಲ್ಲ. ದೂರದರ್ಶಕವೇ ಮೇಲೇರಬೇಕೆಂದು ಖಗೋಳವಿಜ್ಞಾನಿ ಲೈಮನ್ ಸ್ಪಿಟ್ಜರ್ 1946ರಲ್ಲೇ ವಾದಿಸಿದ್ದರು. 1972ರಲ್ಲಿ ಹಾರಿದ ಕೋಪರ್ನಿಕಸ್ ಉಪಗ್ರಹ ಆ ಹಂಬಲವನ್ನು ಈಡೇರಿಸಿತು.

1999ರ ಜೂನ್‌ನಲ್ಲಿ ಅದೇ ಬೆಳಕನ್ನು ನೋಡಲು ಹೊರಟ ಫ್ಯೂಸ್ ಎಂಬ ದೂರದರ್ಶಕ ಉಪಗ್ರಹದ ವಿನ್ಯಾಸಕಾರರನ್ನು ಕಾಡಿದ್ದು ಕನ್ನಡಿಯ ಲೇಪ. ಅಲ್ಯೂಮಿನಿಯಂ ಮೇಲಿನ ಲಿಥಿಯಂ ಫ್ಲೋರೈಡ್ ಸುಮಾರು 100 ನ್ಯಾನೋಮೀಟರ್‌ಗಿಂತ ಕಿರಿದಾದ ಅಲೆಗಳನ್ನು ನುಂಗಿಬಿಡುತ್ತದೆ. ಸಿಲಿಕಾನ್ ಕಾರ್ಬೈಡ್ ಅವನ್ನು ಪ್ರತಿಫಲಿಸುತ್ತದೆ, ಆದರೆ ಉದ್ದದ ಅಲೆಗಳಲ್ಲಿ ಮಂಕು. ಒಂದನ್ನೇ ಆರಿಸದೆ ನಾಲ್ಕು ಕನ್ನಡಿ ಇಟ್ಟರು: ಎರಡಕ್ಕೆ ಅದು, ಎರಡಕ್ಕೆ ಇದು. ನಿಜಕ್ಕೂ ಜಾಣ ನಿರ್ಧಾರ. ತೇವ ಸೋಕಿದರೆ ಲಿಥಿಯಂ ಫ್ಲೋರೈಡ್ ಕೆಡುತ್ತದೆಂದು ಒಣ ಸಾರಜನಕ ಹಾಯಿಸಿ ಕಾಪಾಡಿದರು.

2001ರ ಕೊನೆಗೆ, ಉಪಗ್ರಹವನ್ನು ಗುರಿಯತ್ತ ತಿರುಗಿಸುವ ಚಕ್ರಗಳಲ್ಲಿ ಎರಡು ನಿಂತವು. ಎಂಜಿನಿಯರುಗಳು ಭೂಮಿಯ ಕಾಂತಕ್ಷೇತ್ರದ ಆಸರೆ ಪಡೆದು ಕೆಲಸ ಮುಂದುವರಿಸಿದರು. 2007ರವರೆಗೆ ಫ್ಯೂಸ್ ನಕ್ಷತ್ರಗಳ ನಡುವಿನ ಅನಿಲದಲ್ಲಿ ಡ್ಯೂಟೀರಿಯಂ (ಭಾರ ಜಲಜನಕ) ಹುಡುಕಿತು.