ಬನ್ನಿ ಮತ್ತು ಬಳ್ಳಾರಿ ಜಾಲಿ: ನಂಟರೇ, ಆದ್ರೆ ಕಥೆ ಬೇರೆ 🌿

ದುರ್ಗದ ಗಿಡಗಳ ಇತಿಹಾಸ – ಭಾಗ 4

ಹಿರಿಯೂರು, ಹೊಳಲ್ಕೆರೆ ಕಡೆ ಕೆರೆ ಅಂಗಳದಲ್ಲಿ ಕಾಣೋ ಬಳ್ಳಾರಿ ಜಾಲಿ ಬಳ್ಳಾರಿದಲ್ಲ! ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಬ್ರಿಟಿಷರು ಸೌದೆಗೆ ಅಂತ ಭಾರತಕ್ಕೆ ತರಿಸಿದ್ರು.

ಇದರ ನಂಟ ಯಾರು ಗೊತ್ತಾ? ವಿಜಯದಶಮಿಗೆ ನಾವು ಬಂಗಾರ ಅಂತ ಹಂಚೋ ಬನ್ನಿ. ಎರಡೂ ಪ್ರೊಸೋಪಿಸ್ ಅನ್ನೋ ಒಂದೇ ಕುಲದಲ್ಲಿದ್ವು. 2022ರಲ್ಲಿ ವಿಜ್ಞಾನಿಗಳು ಜಾಲಿಯನ್ನ ಬೇರೆ ಕುಲಕ್ಕೆ ಸೇರಿಸಿದ್ರು.

ಗುರುತು ಹಿಡಿಯೋದು ಹೀಗೆ 👇
ಜಾಲಿ: ಎಲೆ ಬುಡದಲ್ಲಿ ಉದ್ದನೆ ಮುಳ್ಳು, ದಪ್ಪ ಹಳದಿ ಕಾಯಿ.
ಬನ್ನಿ: ಕೊಂಬೆಯುದ್ದಕ್ಕೂ ಅಲ್ಲಲ್ಲಿ ಗಿಡ್ಡ ಮುಳ್ಳು, ತೆಳ್ಳನೆ ಕಾಯಿ.

ಕುರಿ-ಮೇಕೆ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಹಬ್ಬಿತು. ಬನ್ನಿ ಬೆಳೆಯೋದು ನಿಧಾನ. ಕೆರೆ ಜಾಲಿ ತೆಗೆಸುವಾಗ ಜೆಸಿಬಿಗೆ ಎರಡೂ ಒಂದೇ. ಮುಳ್ಳು ನೋಡಿ "ಇದು ಬನ್ನಿ, ಬಿಡಿ" ಅನ್ನಬೇಕಾದವರು ನಾವೇ.

ನಿಮ್ಮೂರಲ್ಲಿ ಹಳೇ ಬನ್ನಿ ಮರ ಎಲ್ಲಿದೆ? ಕಾಮೆಂಟ್ ಮಾಡಿ.

#ಚಿತ್ರದುರ್ಗ #ಬನ್ನಿ