ಬಿಡುವಿನ ಕೆಲಸ ಎಂಬ ಹೆಸರು

ಕ್ರೋಶಾ ಕಲಿಯಲು ಕೂತವಳು ಮೊದಲು ಹಾಕಬೇಕಾದ್ದು ಒಂದು ಜಾರುಗಂಟು. ಅದರ ಕುಣಿಕೆಯೊಳಗೆ ಕಡ್ಡಿ ತೂರಿಸಿ, ಕೊಕ್ಕೆಗೆ ದಾರ ಸುತ್ತಿ, ಕುಣಿಕೆಯ ಒಳಗಿಂದ ಎಳೆದರೆ ಒಂದು ಕೊಂಡಿಯಾಯಿತು. ಮತ್ತೆ ಸುತ್ತಿ ಎಳೆದರೆ ಇನ್ನೊಂದು. ಇದೇ ಸರಪಳಿ, ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಚೈನು. ಮಿಕ್ಕ ಹೆಣಿಗೆಯೆಲ್ಲ ಇದರ ಮೇಲೆ ನಿಲ್ಲುವಂಥದು. ಹೊಸಬರು ದಾರವನ್ನು ಬಿಗಿಯಾಗಿ ಎಳೆದುಬಿಡುತ್ತಾರೆ. ಆಮೇಲೆ ಎರಡನೆಯ ಸಾಲಿಗೆ ಕೊಕ್ಕೆ ಒಳಗೇ ಹೋಗುವುದಿಲ್ಲ. ಎಡಗೈ ಕಿರುಬೆರಳಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡು, ಅದು ತಾನಾಗಿ ಸರಿದು ಬರುವಂತೆ ಹಿಡಿಯುವುದು ರೂಢಿಯಾದರೆ ಅರ್ಧ ವಿದ್ಯೆ ಕೈಗೆ ಬಂದ ಹಾಗೆ.

ಸರಪಳಿಯ ಕೊಂಡಿಗೆ ಕೊಕ್ಕೆ ಹಾಕಿ ದಾರ ಎಳೆದುಕೊಂಡು, ಕಡ್ಡಿಯ ಮೇಲಿನ ಎರಡು ಕುಣಿಕೆಗಳನ್ನು ಒಂದೇ ಸಲಕ್ಕೆ ದಾಟಿಸಿದರೆ ಗಿಡ್ಡ ಹೊಲಿಗೆ. ಕೊಕ್ಕೆ ಹಾಕುವ ಮೊದಲೇ ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡರೆ ಮೂರು ಕುಣಿಕೆಗಳಾಗುತ್ತವೆ. ಅವನ್ನು ಎರಡೆರಡಾಗಿ ಎರಡು ಸಲ ದಾಟಿಸಿದರೆ ಕಂಬದಂತೆ ಎದ್ದು ನಿಲ್ಲುವ ಉದ್ದ ಹೊಲಿಗೆ. ಹೂವು, ಜಾಲರಿ, ಬಾಗಿಲ ತೋರಣ ಎಲ್ಲವೂ ಬಹುಮಟ್ಟಿಗೆ ಈ ಮೂರರ ಸಂಸಾರವೇ. ಪುಸ್ತಕ ನೋಡಿ ಕಲಿಯುವವರು ಮಾತ್ರ ಸ್ವಲ್ಪ ಎಚ್ಚರದಿಂದಿರಬೇಕು. ಗಿಡ್ಡ ಹೊಲಿಗೆಯನ್ನು ಅಮೆರಿಕದವರು ಸಿಂಗಲ್ ಎಂದರೆ ಇಂಗ್ಲೆಂಡಿನವರು ಅದನ್ನೇ ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ಲು ಇಂಗ್ಲೆಂಡಿಗೆ ಹೋದರೆ ಟ್ರೆಬಲ್. ಪುಸ್ತಕ ಯಾವ ದೇಶದ್ದೆಂದು ನೋಡದೆ ಶುರು ಮಾಡಿದರೆ ಅಂಗೈಯಗಲದ ಹೂವು ತಟ್ಟೆಯಗಲವಾಗುತ್ತದೆ.

ಇಷ್ಟು ಸರಳವಾದ ವಿದ್ಯೆ ಬಹಳ ಪುರಾತನವಾದದ್ದಿರಬೇಕು ಎನ್ನಿಸುತ್ತದೆ. ಆದರೆ ಇದರ ಮಾದರಿಗಳು ಅಚ್ಚಿನಲ್ಲಿ ಮೊದಲು ಕಾಣಿಸಿದ್ದು 1823ರಲ್ಲಿ, 'ಪೆನೆಲೊಪೆ' ಎಂಬ ಡಚ್ ಪತ್ರಿಕೆಯಲ್ಲಿ. ಹೆಸರು ಫ್ರೆಂಚರದು, ಪುಟ್ಟ ಕೊಕ್ಕೆ ಎಂದರ್ಥ. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೀಗೊ ದ ಲಾ ಬ್ರಾಂಶಾರ್ಡಿಯೇರ್ ಎಂಬ ಮಾರುದ್ದದ ಹೆಸರಿನ ಹೆಣ್ಣುಮಗಳೊಬ್ಬಳು ಪುಸ್ತಕದ ಮೇಲೆ ಪುಸ್ತಕ ತಂದಳು. ಸೂಜಿಯಿಂದ ತಿಂಗಳುಗಟ್ಟಲೆ ಕೂತು ಮಾಡುತ್ತಿದ್ದ ವೆನಿಸ್ಸಿನ ಹಳೆಯ ಲೇಸಿನ ಚೆಲುವನ್ನು ಕೊಕ್ಕೆಯಿಂದ ಬೇಗನೆ ತರಬಹುದೆಂದು ಆಕೆ ತೋರಿಸಿಕೊಟ್ಟಳು. ಆಕೆಯ ತಾಯಿ ಐರ್ಲೆಂಡಿನವಳು. ಆ ದೇಶಕ್ಕೆ ಈ ಕಡ್ಡಿ ಹೋದ ಹೊತ್ತು ಮಾತ್ರ ಅಲಂಕಾರದ ಹೊತ್ತಾಗಿರಲಿಲ್ಲ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗಲಿತು. ನಮ್ಮಲ್ಲಿ ರಾಗಿಯೋ ಜೋಳವೋ ಹೇಗೋ ಅಲ್ಲಿನ ಬಡವರಿಗೆ ಆಲೂಗಡ್ಡೆ ಹಾಗೆ. ಮೂರು ಹೊತ್ತೂ ಅದೇ. ಗಡ್ಡೆ ನೆಲದಲ್ಲೇ ಕೊಳೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಮಿಕ್ಕಿದವರು ಊರು ಬಿಟ್ಟು ಹಡಗು ಹತ್ತಿದರು. ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲೈನ್ ಕಾನ್ವೆಂಟಿನ ಸಿಸ್ಟರುಗಳು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಹೇಳಿಕೊಟ್ಟರು. ಉತ್ತರದ ಕ್ಲೋನೆಸ್ ಎಂಬ ಊರಿನಲ್ಲಿ 1847ರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಇದನ್ನು ಆರಂಭಿಸಿದಳು. ಇದೇ ಕಸುಬನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಇದೆ. ಮಗ್ಗ ಬೇಡ, ಚರಕ ಬೇಡ, ಬಂಡವಾಳವೆಂದರೆ ಒಂದು ಉಂಡೆ ನೂಲು. ತಂತಿಯ ತುದಿ ಬಗ್ಗಿಸಿ ಮರದ ಹಿಡಿ ಹಾಕಿಕೊಂಡರೆ ಕಡ್ಡಿಯಾಯಿತು. ಒಂದೊಂದು ಮನೆಗೆ ಒಂದೊಂದು ನಮೂನೆ, ಒಬ್ಬರು ಗುಲಾಬಿ, ಒಬ್ಬರು ದ್ರಾಕ್ಷಿ ಗೊಂಚಲು, ಒಬ್ಬರು ಮೂರೆಲೆಯ ಶ್ಯಾಮ್ರಾಕ್. ಪಕ್ಕದ ಮನೆಯವಳು ಬಂದರೆ ಹೆಣಿಗೆಯನ್ನು ಮುಚ್ಚಿಡುತ್ತಿದ್ದರಂತೆ! ಬಿಡಿ ಹೂಗಳನ್ನೆಲ್ಲ ಬೇರೆಯವರು ಜಾಲರಿ ಹೆಣೆದು ಜೋಡಿಸುತ್ತಿದ್ದರು. ಶ್ರೀಮಂತರು ಮೊದಮೊದಲು ಇದನ್ನು ಬಡವರ ನಕಲಿ ಲೇಸು ಎಂದು ಮೂಗು ಮುರಿದರೂ, ರಾಣಿ ವಿಕ್ಟೋರಿಯಾ ಮೆಚ್ಚಿದ ಮೇಲೆ ಫ್ಯಾಷನ್ನಾಯಿತು. ಎಷ್ಟೋ ಮನೆಗಳ ಬಾಡಿಗೆ, ಎಷ್ಟೋ ಮಕ್ಕಳ ಹಡಗಿನ ಟಿಕೀಟು ಈ ಕೊಕ್ಕೆಯಿಂದ ಬಂದದ್ದು.

ನಮ್ಮ ನೆರೆಯ ಆಂಧ್ರಕ್ಕೂ ಲೇಸಿನ ವಿದ್ಯೆ ಬಂದದ್ದು ಪಾದ್ರಿಗಳ ಮನೆಯಿಂದಲೇ. ಗೋದಾವರಿ ಸಮುದ್ರ ಸೇರುವ ಕಡೆಯ ನರಸಾಪುರದಲ್ಲಿ ಸ್ಕಾಟ್ಲೆಂಡಿನ ಮೆಕ್ರೇ ದಂಪತಿಗಳು 1844ರ ಸುಮಾರಿಗೆ ಇದನ್ನು ಹೇಳಿಕೊಟ್ಟರೆಂದು ಅಲ್ಲಿನವರು ಹೇಳುತ್ತಾರೆ. ಮೊದಲು ಕಲಿತವರು ಬಡ ಕ್ರೈಸ್ತ ಹೆಂಗಸರು. ಕ್ರಮೇಣ ಅದು ಸುತ್ತಲಿನ ಹಳ್ಳಿಗಳ ಕಾಪು ಜನರ ಮನೆಗಳನ್ನು ಹೊಕ್ಕಿತು. ಕಾಪು ಹೆಂಗಸರು ಹೊಲಕ್ಕೆ ಕೂಲಿಗೆ ಹೋಗುವುದು ಮನೆತನಕ್ಕೆ ಕಡಿಮೆ. ಮನೆಯೊಳಗೆ ಕೂತು ಲೇಸು ಹೆಣೆದರೆ ಗೌರವಕ್ಕೆ ಕುಂದಿಲ್ಲ.

1970ರ ದಶಕದ ಕೊನೆಯಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು, ಈ ಹೆಂಗಸರ ಜೊತೆ ಕೂತು ಲೆಕ್ಕ ಕೇಳಿದರು. 1982ರಲ್ಲಿ ಅದು ಪುಸ್ತಕವಾಯಿತು. ಆ ಸೀಮೆಯಲ್ಲಿ ಲಕ್ಷದಷ್ಟು ಹೆಂಗಸರು ದಿನಕ್ಕೆ 6ರಿಂದ 8 ಗಂಟೆ ಹೆಣೆಯುತ್ತಿದ್ದರು, ಅಡಿಗೆ, ಮುಸುರೆ, ಮಕ್ಕಳು ಎಲ್ಲ ಮುಗಿಸಿ. ದಿನದ ಸಂಪಾದನೆ ಒಂದು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಹೊಲದ ಕೂಲಿಯವಳಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಅದು ಎಷ್ಟೋ ಕಡಿಮೆ. ಮಧ್ಯವರ್ತಿ ನೂಲು ತಂದು ಕೊಡುತ್ತಿದ್ದ, ಹೆಣೆದದ್ದನ್ನು ಒಯ್ಯುತ್ತಿದ್ದ. ಅವರ ಲೇಸು ಪರದೇಶದ ಊಟದ ಮೇಜುಗಳನ್ನು ಸೇರುತ್ತಿತ್ತು. ಹೂ ಹೆಣೆಯುವವಳು ಒಬ್ಬಳು, ಜೋಡಿಸುವವಳು ಇನ್ನೊಬ್ಬಳು, ಐರ್ಲೆಂಡಿನ ಹಾಗೆಯೇ. ನನಗೆ ಬಹಳ ತಾಕಿದ್ದು ಅವರಿಗಿದ್ದ ಹೆಸರು. ಇವರು ಕೆಲಸಗಾರರಲ್ಲ, ಗೃಹಿಣಿಯರು. ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ ಎಂಬುದು ವ್ಯಾಪಾರಿಗಳ ಮಾತು, ಮನೆಯ ಗಂಡಸರ ಮಾತು. ಜನಗಣತಿಯ ಲೆಕ್ಕದಲ್ಲೂ ಅವರಲ್ಲಿ ಹೆಚ್ಚಿನವರು ದುಡಿಯುವವರ ಸಾಲಿಗೆ ಬರಲಿಲ್ಲ. ದಿನಕ್ಕೆ 8 ಗಂಟೆಯ ಬಿಡುವು ಯಾವ ಹೆಂಗಸಿಗಿರುತ್ತದೆ, ನೀವೇ ಹೇಳಿ.

ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಸಂತೋಷವೇ. ಊರಿನ ಹೆಸರಿಗೆ ಮಾನ ಬಂದಷ್ಟೇ ಕೈಗೆ ಕೂಲಿಯೂ ಬರಲಿ.

ಇದನ್ನು ಯಂತ್ರ ಹೆಣೆಯುತ್ತದೆಂದು ತಿಳಿದವರಿದ್ದಾರೆ. ಸ್ವೆಟರಿನ ಹೆಣಿಗೆಗೆ ಯಂತ್ರಗಳಿವೆ, ಲೇಸಿನಂತೆ ಕಾಣುವ ಬಟ್ಟೆಗೂ ಇವೆ. ನಿಜವಾದ ಕ್ರೋಶಾವನ್ನು ಮಾತ್ರ ಪ್ರಯೋಗಗಳಾಚೆಗೆ ಯಾವ ಕಾರ್ಖಾನೆಯೂ ಇನ್ನೂ ಯಂತ್ರಕ್ಕೆ ಒಪ್ಪಿಸಿಲ್ಲ. ಪ್ರತಿ ಹೊಲಿಗೆಗೂ ಕೊಕ್ಕೆ ಹೊಸ ಜಾಗ ಹುಡುಕಿ ಒಳಹೋಗಬೇಕು, ಅದು ಕಣ್ಣೂ ಬೆರಳೂ ಕೂಡಿ ಮಾಡುವ ಕೆಲಸ. ಅಂಗಡಿಯಲ್ಲಿ ಅಗ್ಗಕ್ಕೆ ತೂಗುಹಾಕಿದ ಕ್ರೋಶಾ ಚೀಲ ಕಂಡರೆ, ಅದರ ಹಿಂದೆ ಎಲ್ಲೋ ಒಬ್ಬರು ಕೂತು ಹೆಣೆದಿದ್ದಾರೆಂದೇ ಅರ್ಥ.

ಬೇರೆ ಊರಿನ ಮಾತೇಕೆ, ನಮ್ಮ ಬೀದಿಯನ್ನೇ ನೋಡೋಣ. ಒಂದು ಕಾಲಕ್ಕೆ ರೇಡಿಯೋ ಮೇಲಿನ ಹೊದಿಕೆಗೂ ದೇವರ ಮನೆಯ ತೋರಣಕ್ಕೂ ಮೀಸಲಾಗಿದ್ದ ಕಡ್ಡಿ ಈಗ ಸೀರೆಯ ಸೆರಗಿಗೆ ಬಂದಿದೆ. ಮಣಿ ಕೋದು, ಕಮಾನು ಹೆಣೆದು, ಕ್ರೋಶಾ ಕುಚ್ಚು ಹಾಕಿಕೊಡುವವರು ಕರ್ನಾಟಕದ ಊರೂರಿನಲ್ಲೂ ಇದ್ದಾರೆ, ಮದುವೆಯ ತಿಂಗಳಲ್ಲಿ ರಾತ್ರಿಯೆಲ್ಲ ಕೂರುತ್ತಾರೆ. ಸೀರೆಗಿಷ್ಟು ಎಂದು ದರ. ಗಂಟೆಗೆಷ್ಟು ಬಿತ್ತು ಎಂದು ಲೆಕ್ಕ ಹಾಕುವವರು ಅಪರೂಪ. ಸಾವಿರಾರು ರೂಪಾಯಿಯ ರೇಷ್ಮೆ ಸೀರೆಯನ್ನು ಚೌಕಾಸಿಯಿಲ್ಲದೆ ಕೊಂಡವರೇ ಕುಚ್ಚಿನ ಐವತ್ತು ರೂಪಾಯಿಗೆ, "ಮನೇಲಿ ಕೂತು ಹಾಕೋದು ತಾನೆ, ಕಡಿಮೆ ಮಾಡ್ಕೊಳ್ರೀ" ಎನ್ನುವುದುಂಟು.

ಹೊಸದಾಗಿ ಕಲಿಯುವವರು ಮೊದಲು ಒಂದು ಕರವಸ್ತ್ರದ ಅಂಚು ಹೆಣೆಯಲಿ. ಗಿಡ್ಡ ಹೊಲಿಗೆಯ ಒಂದು ಸುತ್ತು, ಅದರ ಮೇಲೆ ಕಮಾನಿನ ಒಂದು ಸುತ್ತು ಸಾಕು. ಮೂಲೆ ಬಂದಾಗ ಒಂದೇ ತೂತಿಗೆ ಮೂರು ಹೊಲಿಗೆ ಹಾಕಿ, ಇಲ್ಲದಿದ್ದರೆ ಬಟ್ಟೆ ಮುದುರುತ್ತದೆ. ಶುರು ಮಾಡುವಾಗ ಗಡಿಯಾರ ನೋಡಿ, ಮುಗಿದಾಗ ಮತ್ತೊಮ್ಮೆ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಸಲ ಸೀರೆಗೆ ಕುಚ್ಚು ಹಾಕಿಸಲು ಹೋಗುವಾಗ ಆ ಚೀಟಿ ಪರ್ಸಿನಲ್ಲಿರಲಿ.